ಸಿಪಾಯಿಗಳಿಗೆ ಕಣ್ಣು ಬರೆಸಿದವರು

ಕಳೆದ ತಿಂಗಳು ಮಲಾಡಿನ ಶೆಟ್ಟರು ಫೋನ್ ಮಾಡಿ, ‘ಅಕ್ಕ, ರಾಯರು ಹೋದ್ರು’ ಎಂದಾಗ ನಾನು ಕುಕ್ಕರಿನ ಮುಚ್ಚಳ ಹಾಕುತ್ತಿದ್ದೆ. ನೀವಿಬ್ಬರೂ ಅಲ್ಲೇ ಇದ್ದಿರಿ. ‘ಯಾರು ಅಜ್ಜಿ?’ ಎಂದು ಸಿಯಾ ಕೇಳಿದಳು. ‘ಹಳೆ ಬಿಲ್ಡಿಂಗಿನ ಸೋಲ್ಜರ್ ಅಂಕಲ್’ ಎಂದೆ. ‘ಓ, ಆ ಟಾಯ್ಸ್‌ವಾಲೇ ಅಂಕಲ್’ ಎಂದು ಅರ್ಣವ್ ಮತ್ತೆ ಮೊಬೈಲ್ ನೋಡತೊಡಗಿದ.

ಅವನದು ತಪ್ಪಲ್ಲ. ನಾವು ಆ ಬಿಲ್ಡಿಂಗ್ ಬಿಟ್ಟಾಗ ಅವನಿಗೆ ಆರು ವರ್ಷ. ಆದರೂ ‘ಟಾಯ್ಸ್‌ವಾಲೇ’ ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ಹಾಗಲ್ಲಪ್ಪ ಎಂದು ಆಗಲೇ ಹೇಳಬೇಕಿತ್ತು. ಮಾತಾಡಿ ತಿಳಿಸುವುದು ನನಗೆ ಎಂದೂ ಬಂದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಲು ತೊಡಕಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ.

ಅವರ ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಧಾರವಾಡದ ಕಡೆಯವರು, ನನಗೆ ರಾಯರು. ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ, ಅವರಿಗೆ ನಾನು ಬಾಯಾರು. ಬೊರಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಕೆಳಮಹಡಿಯ ಎದುರು-ಬದುರು ಮನೆ. ಹಡಗು ರಿಪೇರಿ ಕಂಪನಿಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆ ಆಗಿರಲಿಲ್ಲ. ಹಣೆಗೆ ಪಟ್ಟಿಯಂತೆ ಕಟ್ಟುವ ಒಂದು ಭೂತಗನ್ನಡಿ ಇತ್ತು. ಅದನ್ನು ತೆಗೆಯಲು ಮರೆತು ಹಾಲು ತರಲು ಹೋಗಿಬಿಡುತ್ತಿದ್ದರು.

ಅವರು ಮೊದಲ ಸಲ ನಮ್ಮ ಬಾಗಿಲು ಬಡಿದದ್ದು ಔಷಧಿ ಬಾಟಲಿಯ ಮುಚ್ಚಳ ಕೇಳಲು. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು. ನಿಮ್ಮ ಅಪ್ಪ ಅಮ್ಮ ಕೆಲಸಕ್ಕೆ, ನೀವು ಶಾಲೆಗೆ ಹೋದ ಮೇಲೆ ನಾನೊಬ್ಬಳೇ ಇರುತ್ತಿದ್ದೆ.

‘ಕೂಸಿನ ಕೆಮ್ಮಿನ ಔಷಧ ಮುಗದದ ಏನ್ರಿ? ಬಾಟಲಿ ಹೊರಗ ಒಗೀರಿ, ಮುಚ್ಚಳ ನನಗ ಕೊಡ್ರಿ’ ಎಂದರು.

ಸೆರಗು ಸರಿ ಮಾಡಿಕೊಂಡು ಎರಡು ಮುಚ್ಚಳ ಕೊಟ್ಟೆ. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ಗೊತ್ತಾಯಿತು, ಇಡೀ ಬಿಲ್ಡಿಂಗಿನಲ್ಲಿ ಯಾರಿಗೆ ಕೆಮ್ಮು ಬಂದರೂ ಅವರಿಗೆ ಲಾಭ. ಪ್ರತಿ ಮುಚ್ಚಳದ ಮೇಲೆ ಒಬ್ಬ ಸೀಸದ ಸಿಪಾಯಿಯನ್ನು ಅಂಟಿಸಿಕೊಂಡು, ಮುಚ್ಚಳ ಹಿಡಿದು ಬಣ್ಣ ಹಚ್ಚುತ್ತಿದ್ದರು. ಸಿಪಾಯಿಗೆ ಬೆರಳು ತಾಗಿದರೆ ಬಣ್ಣ ಕೆಡುತ್ತದೆ. ಒಬ್ಬ ಸಿಪಾಯಿ ಎಂದರೆ ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ಅಷ್ಟರಲ್ಲಿ ಮೀಸೆ, ಮುಂಡಾಸು, ನಡುಕಟ್ಟು, ಚಪ್ಪಲಿಯ ಬಾರು ಎಲ್ಲ ಇರಬೇಕು. ಇಲ್ಲಿಯ ಮುಂಡಾಸಿನ ಸಿಪಾಯಿಗಳು ಎಲ್ಲೂ ಮಾರಾಟಕ್ಕೆ ಸಿಗುವುದಿಲ್ಲವೆಂದು, ಪರದೇಶದಿಂದ ತರಿಸಿದ ಬೊಂಬೆಗಳ ತಲೆಗೆ ನಲ್ಲಿ ಸೋರಿದರೆ ಮೆತ್ತುವ ಮೇಣದಿಂದ ತಾವೇ ಮುಂಡಾಸು ಸುತ್ತುತ್ತಿದ್ದರು.

ಒಂದು ದಿನ ಏಳೆಂಟು ಮುಚ್ಚಳ ಸೇರಿಸಿ ಕೊಡಲು ಹೋದಾಗ, ‘ಒಳಗ ಬಂದು ನೋಡ್ರಿ’ ಎಂದರು. ನಾನು ಹೊಸ್ತಿಲಲ್ಲೇ ನಿಂತೆ. ಅವರಿಗೆ ತಿಳಿಯಿತು. ಬಣ್ಣದ ಡಬ್ಬಿಯೊಂದನ್ನು ತಂದು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟರು. ಆಮೇಲೆ ನಾನು ಹೋದಾಗಲೆಲ್ಲ ಏನೂ ಹೇಳದೆ ಮೊದಲು ಆ ಡಬ್ಬಿ ಇಡುತ್ತಿದ್ದರು.

ಹಾಲ್‌ನಲ್ಲಿ ಸೋಫಾ ಇರಲಿಲ್ಲ. ಒಂದು ದೊಡ್ಡ ಟೇಬಲ್, ಅದರ ಮೇಲೆ ಹಸಿರು ಜಮಖಾನ, ನೀಲಿ ಬಟ್ಟೆಯ ಹೊಳೆ, ಸಾಲು ಸಾಲು ಸೈನ್ಯ. ಆಟ ಹೀಗೆ: ಹಳೆಯ ಕಾಲದ ಒಂದು ಯುದ್ಧವನ್ನು ಇಬ್ಬರು ಎರಡು ಕಡೆ ನಿಂತು ಮತ್ತೆ ಆಡುವುದು. ಚದುರಂಗದ ಹಾಗೆ ಸರದಿ ಇರುತ್ತದೆ, ಆದರೆ ಮನೆಗಳಿಲ್ಲ. ಅಳತೆಪಟ್ಟಿ ಹಿಡಿದು ಇಂಚಿನ ಲೆಕ್ಕದಲ್ಲಿ ನಡೆಸಬೇಕು. ಹೊಡೆದಾಟದಲ್ಲಿ ಯಾರು ನಿಂತರು, ಯಾರು ಓಡಿದರು ಎಂದು ದಾಳ ಹೇಳುತ್ತದೆ. ಭಾನುವಾರ ಎದುರು ಪಕ್ಷಕ್ಕೆ ಮಲಾಡಿನ ಶೆಟ್ಟರು ಬರುತ್ತಿದ್ದರು. ಹೋಟೆಲು ಮಕ್ಕಳಿಗೆ ವಹಿಸಿ ಕೈ ಖಾಲಿ ಮಾಡಿಕೊಂಡವರು. ಬರುವಾಗ ಒಂದು ಡಬ್ಬಿ ನೀರುದೋಸೆ, ಬಾಯಿ ತುಂಬ ತಮಾಷೆ.

‘ಎಂತ ರಾಯರೇ, ನಿಮ್ಮ ಆನೆ ಇವತ್ತು ನಡೀತದಾ, ಇಲ್ಲ ತಿಂಡಿ ಆಗದೆ ಏಳುದಿಲ್ವಾ?’

‘ನಿಮ್ಮ ಹೋಟೆಲಿನ ಇಡ್ಲಿ ತಿಂದ ಆನೆ ಅಲ್ರಿ ಅದು. ಏಳತದ.’

ರಾಯರದು ಒಂದೇ ಕಟ್ಟುನಿಟ್ಟು: ಬಣ್ಣ ಹಚ್ಚಿ ಮುಗಿಯದ ಸಿಪಾಯಿ ಟೇಬಲ್ ಮೇಲೆ ಕಾಲಿಡುವ ಹಾಗಿಲ್ಲ. ‘ಮೈಮ್ಯಾಲ ಅರಿವಿ ಇಲ್ಲದ ಮನಶಾನ್ನ ನೀವು ಮದವಿಗೆ ಕರೀತೀರೇನು?’ ಎನ್ನುತ್ತಿದ್ದರು. ಒಮ್ಮೆ ಶೆಟ್ಟರು ತಂದ ಹತ್ತು ಕುದುರೆಗಳ ಬಾಲಕ್ಕೆ ಬಣ್ಣವಿಲ್ಲವೆಂದು ಹತ್ತನ್ನೂ ಡಬ್ಬಿಗೆ ಹಿಂದಿರುಗಿಸಿದರು.

ಬಣ್ಣದ ವಿಷಯದಲ್ಲಿ ಅವರಿಗೆ ಒಂದು ಚಟವಿತ್ತು. ಯಾರನ್ನೇ ನೋಡಿದರೂ ಚರ್ಮದ ಬಣ್ಣ ಅಳೆಯುತ್ತಿದ್ದರು. ‘ಒಂದು ಲೋಕಲ್ ರೈಲಿನ ಡಬ್ಬಿಯೊಳಗ ಇಪ್ಪತ್ತು ಥರದ ಮೈಬಣ್ಣ ಅವ, ಬಾಯಾರ. ಅಂಗಡ್ಯಾಗ ಮೈಬಣ್ಣ ಅಂತ ಮಾರೂದು ಒಂದ ಬಾಟಲಿ, ಅದೂ ಬಿಳಿ ಸಾಹೇಬರ ಮಾರಿದು’ ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ಅದಕ್ಕಾಗಿ ಕೆಲಸವಿಲ್ಲದಿದ್ದರೂ ಚರ್ಚ್‌ಗೇಟಿನವರೆಗೆ ಹೋಗಿ, ಎದುರು ಸೀಟಿನವರನ್ನು ನೋಡುತ್ತ ಬರುತ್ತಿದ್ದರು. ಒಬ್ಬಾತ ಎದ್ದು ಜಗಳಕ್ಕೆ ಬಂದಿದ್ದನಂತೆ. ‘ನಿಮ್ಮ ಗಲ್ಲದ ಕಂದು ಬಣ್ಣ ಭಾಳ ಚಂದ ಅದ ಅಂದೆ. ಇನ್ನೂ ಸಿಟ್ಟಾದ’ ಎಂದು ಹೇಳಿಕೊಂಡು ನಕ್ಕರು.

ಅವರು ಆಗ ಹಿಡಿದಿದ್ದ ದೊಡ್ಡ ಕೆಲಸ ರಕ್ಕಸ-ತಂಗಡಿಯ ಯುದ್ಧ. ವಿಜಯನಗರ ಬಿದ್ದ ಯುದ್ಧ. ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಸುಲ್ತಾನರ ಸೈನ್ಯ. ಹನ್ನೊಂದು ವರ್ಷದಿಂದ ಸಿಪಾಯಿಗಳನ್ನು ಕೂಡಿಸುತ್ತಿದ್ದರು. ಆ ನೆಲ ನಾನು ಹುಟ್ಟಿದ ನೆಲ, ಮಕ್ಕಳೇ. ನನ್ನ ತವರು ಕೃಷ್ಣೆಯ ದಂಡೆಗಿದೆ, ತಾಳಿಕೋಟೆಗೆ ಗಾಡಿಯಲ್ಲಿ ಅರ್ಧ ದಿನದ ದಾರಿ. ಅದನ್ನು ಅವರಿಗೆ ಹೇಳಿರಲಿಲ್ಲ. ಅವರ ಮನೆಗೆ ಐದಾರು ಸಲ ಹೋಗಿ ಬಂದೆ. ಪ್ರತಿ ಸಲವೂ ಆ ಹಸಿರು ಜಮಖಾನ ನೋಡಿ ಏನೋ ಹೇಳಬೇಕೆನಿಸಿ, ಓದಿದವರ ಮುಂದೆ ಏನು ಹೇಳುವುದು ಎಂದು ಸುಮ್ಮನಾಗುತ್ತಿದ್ದೆ. ಕೊನೆಗೊಂದು ದಿನ ಒಂದು ಕಾಲು ಹೊಸ್ತಿಲ ಹೊರಗಿಟ್ಟು ಕೇಳಿದೆ.

‘ರಾಯರ, ಆ ಯುದ್ಧ ಯಾವ ತಿಂಗಳದಾಗ ಆತ್ರಿ?’

‘ಜನವರಿ. ಯಾಕ?’

‘ಎಳ್ಳಮವಾಸಿ ಆಜುಬಾಜು ನಮ್ಮ ಕಡೆ ಹುಲ್ಲು ಎಲ್ಲೀದ್ರಿ? ಜ್ವಾಳ ಆಳೆತ್ತರ ನಿಂತಿರತಾವು. ಹಸಿ ತೆನಿ ಸುಟ್ಟು ಸೀತನಿ ತಿನ್ನೂ ಹೊತ್ತು ಅದು. ಒಳಗ ಆನಿ ಹೊಕ್ಕರೂ ಬೆನ್ನಷ್ಟ ಕಾಣತೈತಿ.’

ಅವರು ಭೂತಗನ್ನಡಿಯನ್ನು ಹಣೆಗೇರಿಸಿ ನನ್ನನ್ನು ನೋಡಿದರು. ಸಿಟ್ಟಾದರೆಂದು ನಾನು ಇನ್ನೊಂದು ಕಾಲನ್ನೂ ಹೊರಗಿಟ್ಟೆ. ಅವರು ಟೇಬಲಿನ ಹತ್ತಿರ ಹೋಗಿ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದು, ಹಸಿರು ಜಮಖಾನ ಮಡಚಿ ಮೂಲೆಗಿಟ್ಟರು. ಆಮೇಲೆ ಒಂದು ನೋಟ್‌ಬುಕ್ ತೆರೆದರು.

‘ಕೂಡ್ರಿ. ಮತ್ತ ಏನೇನು ತಪ್ಪದ, ಸಾವಕಾಶ ಹೇಳ್ರಿ.’

ಹೇಳಿದೆ. ಎರೆಮಣ್ಣು ಆ ಹೊತ್ತಿಗೆ ಕುದುರೆಯ ಗೊರಸು ಸಿಕ್ಕುವಷ್ಟು ಅಗಲಕ್ಕೆ ಬಿರುಕು ಬಿಟ್ಟಿರುತ್ತದೆ ಎಂದೆ. ಹೊಳೆ ಇಳಿದು ನಡುವೆ ಬಂಡೆಗಳು ಕಾಣುತ್ತಿರುತ್ತವೆ ಎಂದೆ. ಅವರು ಒಂದು ಮಾತೂ ಬಿಡದೆ ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ಮನೆಗೆ ಬಂದು ಬಹಳ ಹೊತ್ತು ಏನೂ ಕೆಲಸ ಮಾಡಲಾಗಲಿಲ್ಲ.

ನಮ್ಮ ಬಾಗಿಲ ಮುಂದಿನ ತೆಂಗಿನ ನಾರಿನ ಕಾಲೊರಸು ಹೋದದ್ದು ಹಾಗೆಯೇ. ಅದನ್ನು ಕತ್ತರಿಸಿ ನಿಲ್ಲಿಸಿದರೆ ಒಣಗುತ್ತ ಬಂದ ಜೋಳದ ಹೊಲ. ಚಹಾ ಸೋಸಿದ ಚರಟವನ್ನು ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಎರೆಮಣ್ಣು. ನಿಮ್ಮ ಅಮ್ಮ ಕಾಲೊರಸು ಹುಡುಕಿದ್ದೇ ಹುಡುಕಿದ್ದು. ನಾನು ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವುದು ಗಟ್ಟಿಯಾಯಿತು. ಮೂರು ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕು. ಹೊಸ ಮನೆ ಸಿಗುವವರೆಗೆ ಬಾಡಿಗೆ ಮನೆ. ರಾಯರಿಗೆ ಸಿಕ್ಕಿದ್ದು ಮಲಾಡಿನಲ್ಲಿ ಒಂದೇ ಕೋಣೆ. ಅದರಲ್ಲಿ ಆ ಟೇಬಲ್ ಹಿಡಿಸುವಂತಿರಲಿಲ್ಲ. ಬಿಲ್ಡಿಂಗಿನ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ‘ಅಂಕಲ್, ಆಪ್‌ಕೀ ಫೌಜ್ ಕಬ್ ಶಿಫ್ಟ್ ಹೋಗೀ?’ ಎಂದು, ಸೈನ್ಯ ಯಾವಾಗ ಹೊರಡುತ್ತದೆಂದು ಕೆಣಕುತ್ತಿದ್ದ. ಆಡುವುದಾದರೆ ಆ ಮೂರು ತಿಂಗಳಲ್ಲೇ ಆಡಬೇಕು. ಇನ್ನೂ ಅರವತ್ತು ಕಾಲಾಳುಗಳಿಗೆ ಬಣ್ಣವಿರಲಿಲ್ಲ. ಬಣ್ಣವಿಲ್ಲದವನು ಟೇಬಲ್ ಏರುವಂತಿಲ್ಲ. ರಾಯರ ಬಲಗೈ ಮಾತ್ರ ಆ ವರ್ಷದಿಂದ ನಡುಗತೊಡಗಿತ್ತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಡಾಕ್ಟರು ಇದು ಇನ್ನು ಕಡಿಮೆಯಾಗುವುದಲ್ಲ ಎಂದಿದ್ದರು.

‘ನೀವು ಕಸೂತಿ ಹಾಕತೀರಂತ?’ ಎಂದು ಒಂದು ದಿನ ಕೇಳಿದರು. ‘ಎಳಿ ಎಣಿಸಿ ಹಾಕೂ ಕೈಗೆ ಇದು ದೊಡ್ಡದಲ್ಲ.’

ನನ್ನ ಕೈಗೆ ಕುಂಚ ಬಂದದ್ದು ಹಾಗೆ. ಹತ್ತಿಪ್ಪತ್ತು ಕೂದಲಿನ ಕುಂಚ. ಅವರು ಕಲಿಸಿದ ಮೊದಲ ಪಾಠ, ಕಣ್ಣು ಮೊದಲು. ಬಿಳಿಯ ಒಂದು ಗೀರು, ಅದರ ನಡುವೆ ಕಪ್ಪು ಚುಕ್ಕೆ. ಅದು ಆಚೀಚೆ ಹೋದರೂ ಪರವಾಗಿಲ್ಲ, ಮೈಬಣ್ಣವನ್ನು ಸುತ್ತ ಹಚ್ಚಿ ಸರಿಮಾಡಬಹುದು. ಮುಖವೆಲ್ಲ ಮುಗಿಸಿ ಕಣ್ಣಿಗೆ ಹೋದರೆ ಒಂದು ಹನಿ ತಪ್ಪಿದರೂ ಮುಖ ಕೆಟ್ಟಂತೆ. ನಾನು ಹೂಂ ಹೂಂ ಎಂದು ಕೇಳಿದೆ. ಸಿಪಾಯಿಗಳನ್ನು ಮನೆಗೆ ತಂದೆ. ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಧೋತರ, ನಡುಕಟ್ಟು, ಮುಂಡಾಸು, ಈಟಿ, ಕೊನೆಗೆ ಮುಖ, ಎಲ್ಲ ಬರೆದೆ. ಕಣ್ಣನ್ನು ಮಾತ್ರ ಬರೆಯಲಿಲ್ಲ.

ಖಾಲಿ ಮಾಡಲು ಹದಿನೈದು ದಿನ ಇರುವಾಗ ತಟ್ಟೆಯಲ್ಲಿಟ್ಟು ಒಯ್ದೆ. ಅವರು ಭೂತಗನ್ನಡಿ ಇಳಿಸಿಕೊಂಡು ಒಬ್ಬನನ್ನು ನೋಡಿದರು, ಇನ್ನೊಬ್ಬನನ್ನು ನೋಡಿದರು.

‘ಬಾಯಾರ, ಅರವತ್ತೂ ಮಂದಿ ಕುರುಡರಾಗ್ಯಾರಲ್ಲರಿ?’

ನನಗೆ ನೆಲ ಬಿರಿಯಬಾರದೇ ಎನಿಸಿತು. ಅಷ್ಟು ಸಣ್ಣದು ನನ್ನ ಕೈಯಲ್ಲಿ ಆಗಲಿಲ್ಲ ಎಂದುಕೊಂಡ ರಾಯರು, ‘ಇರ್ಲಿ, ದೂರದಿಂದ ಯಾರಿಗೆ ಕಾಣತದ’ ಎಂದರು. ಆ ಸಮಾಧಾನ ಕೇಳಿ ನಿಜ ಹೇಳದೆ ಇರಲಾಗಲಿಲ್ಲ.

ನಮ್ಮೂರಲ್ಲಿ ಊರದೇವತೆ ದ್ಯಾಮವ್ವನ ಮೂರ್ತಿಯನ್ನು ಹೊಸದಾಗಿ ಮಾಡಿಸಿದಾಗ, ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆದದ್ದು. ಅದಕ್ಕೆ ಹೊತ್ತು ನೋಡುತ್ತಾರೆ. ಪರದೆ ಕಟ್ಟಿ, ಮೂರ್ತಿ ಮಾಡಿದ ಬಡಿಗೇರ ಒಬ್ಬನೇ ಒಳಗೆ. ನನ್ನ ಸೋದರತ್ತೆ ಗಂಡನನ್ನು ಕಳೆದುಕೊಂಡವಳು, ಪರದೆಯ ಹತ್ತಿರ ನಿಂತಿದ್ದಳೆಂದು ನಾಲ್ಕು ಜನರ ಎದುರು ಬೈದು ಓಡಿಸಿದ್ದರು. ನಾನಾಗ ಸಣ್ಣವಳು. ಕಣ್ಣು ತೆರೆಸುವುದು ಗಂಡ ಸತ್ತವಳ ಕೆಲಸವಲ್ಲ ಎಂಬುದು ಅಂದಿನಿಂದ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಈಗ ನಾನೂ ಅಂಥವಳೇ. ಇಷ್ಟನ್ನು ತಡವರಿಸಿ ತಡವರಿಸಿ ಹೇಳಿದೆ. ಅವರು ನಗಲಿಲ್ಲ.

‘ಇವರು ದೇವರಲ್ಲರಿ’ ಎಂದರು. ‘ಹೊಲಮನಿ ಬಿಟ್ಟು, ಯಾರೋ ಕರದ್ರು ಅಂತ ಬಂದ ಮಂದಿ. ಯಾರ ಕೂಡ ಹೊಡದಾಡತೇವಿ ಅನ್ನೂದನ್ನಾದ್ರೂ ನೋಡಲಿ ಪಾಪ. ಇನ್ನ ನಿಮ್ಮ ಕೈ ಮುಟ್ಟಬಾರದ ಕೆಲಸ ಈ ಮನ್ಯಾಗ ಒಂದೂ ಇಲ್ಲ.’

ನಾಲ್ಕು ಬೆಳಗು ಹಿಡಿಯಿತು. ಸ್ನಾನ ಮಾಡಿ ಕೂರುತ್ತಿದ್ದೆ, ಯಾಕೆಂದು ಕೇಳಬೇಡಿ. ಮುಖ ಮುಗಿದ ಮೇಲೆ ಕಣ್ಣಿಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹನ್ನೆರಡು ಮುಖ ಕೆಟ್ಟವು. ಮತ್ತೆ ಮೈಬಣ್ಣ, ಮತ್ತೆ ಕಣ್ಣು. ಮೊದಲನೆಯವನ ಕಪ್ಪು ಚುಕ್ಕೆ ಕೂತಾಗ ಅವನು ನನ್ನನ್ನೇ ನೋಡಿದ. ಕುಂಚ ಕೆಳಗಿಟ್ಟು ನೀರು ಕುಡಿದೆ.

ಒಂದೇ ಒಂದು ಬೊಂಬೆಯನ್ನು ರಾಯರು ನನಗೆ ಕೊಡಲಿಲ್ಲ. ಪಾಲಕಿಯಲ್ಲಿ ಕೂತ ವಿಜಯನಗರದ ಮುದಿ ಅರಸ. ಎಂಬತ್ತರ ವಯಸ್ಸಿನಲ್ಲಿ ರಣಕ್ಕೆ ಬಂದವನು, ಎಷ್ಟು ಹೇಳಿದರೂ ಹಿಂದೆ ಸರಿಯಲಿಲ್ಲ ಎಂದು ಪುಸ್ತಕದಲ್ಲಿದೆ ಎಂದರು. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು, ಮೂರು ದಿನ ಕೂತು ತಾವೇ ಬರೆದರು. ಒಂದು ಕಣ್ಣು ಕಿವಿಯ ಕಡೆಗೆ ಹೋಗಿತ್ತು.

‘ಹೆಂಗದ?’ ಎಂದರು.

‘ವಯಸ್ಸಾದವರ ಕಣ್ಣು ಹಂಗ ಇರತಾವ್ರಿ’ ಎಂದೆ.

ಆಡುವ ದಿನಕ್ಕೆ ನಮ್ಮ ಸಾಮಾನು ಬಾಡಿಗೆ ಮನೆಗೆ ಹೋಗಿಯಾಗಿತ್ತು. ನಾನು ಆಟೋ ಹಿಡಿದು ಬಂದೆ. ಬಿಲ್ಡಿಂಗಿನಲ್ಲಿ ಉಳಿದದ್ದು ರಾಯರೊಬ್ಬರೇ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು, ರಾಯರದು ವಿಜಯನಗರ, ಶೆಟ್ಟರದು ಸುಲ್ತಾನರ ಕಡೆ. ರಾಯರ ಕೈಯಲ್ಲಿ ಬೊಂಬೆ ಸರಿಸಲಾಗದು. ಒಂದನ್ನು ಮುಟ್ಟಿದರೆ ನಾಲ್ಕು ಬೀಳುತ್ತಿದ್ದವು. ಅವರು ಹೇಳುವುದು, ನಾನು ಅಳತೆಪಟ್ಟಿ ಹಿಡಿದು ನಡೆಸುವುದು ಎಂದಾಯಿತು. ದಾಳ ಮಾತ್ರ ಬಿಟ್ಟುಕೊಡಲಿಲ್ಲ.

‘ದಾಳ ಉರುಳಿಸಲಿಕ್ಕೆ ನಡುಗೂ ಕೈನ ಚಲೋ’ ಎಂದರು.

ನನ್ನ ಅರವತ್ತು ಮಂದಿಯನ್ನು ನಡುವೆಯೇ ನಿಲ್ಲಿಸಿದ್ದರು. ಶೆಟ್ಟರ ಆನೆಗಳು ಎದುರಾದ ಮೊದಲ ಹೊಡೆತಕ್ಕೇ ದಾಳ ಕೈಕೊಟ್ಟಿತು. ಅರವತ್ತೂ ಮಂದಿ ಓಡಿದರು.

‘ಬೇಜಾರು ಮಾಡ್ಬೇಡಿ ಅಕ್ಕ’ ಎಂದರು ಶೆಟ್ಟರು. ‘ಹೊಸ ಬಣ್ಣದವ್ರು ಮೊದಲ ಯುದ್ಧದಲ್ಲಿ ಓಡುದೇ. ಇದು ಈ ಆಟದವ್ರಿಗೆಲ್ಲ ಗೊತ್ತುಂಟು.’

‘ಕುರುಡರಾಗಿದ್ರ ನಿಲ್ಲತಿದ್ರು’ ಎಂದರು ರಾಯರು. ‘ಬಾಯಾರು ಕಣ್ಣು ಕೊಟ್ರು, ಆನಿ ಕಂಡವು.’

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಹೊರಗಿನವರ ಮುಂದೆ ನಕ್ಕದ್ದು ಅಂದೇ ಇರಬೇಕು.

ಆದರೆ ನಡುವೆ ದಾರಿ ತೆರೆದುಹೋಗಿತ್ತು. ಶೆಟ್ಟರ ಕುದುರೆಗಳು ಪಾಲಕಿಗೆ ಒಂದು ಗೇಣಿನಷ್ಟು ಹತ್ತಿರ ಬಂದವು. ನನ್ನ ಬಾಯಿಂದ ತಾನಾಗಿ ಬಂತು: ‘ಮುದುಕನ್ನ ಹಿಂದಕ್ಕ ಕರಕೊಳ್ರಿ.’

‘ಇಲ್ಲ. ಆತ ಸರೀಲಿಲ್ಲ. ಅಲ್ಲೇ ಇರಲಿ’ ಎಂದರು ರಾಯರು.

‘ಎಂತ ಮಾರಾಯ್ರೆ’ ಎಂದರು ಶೆಟ್ಟರು. ‘ಹಾಗೇ ಆಗ್ಬೇಕಿದ್ರೆ ಪುಸ್ತಕ ಓದಿದ್ರೆ ಸಾಕಲ್ವಾ? ಆಡುದು ಯಾಕೆ?’

ರಾಯರು ಕುರ್ಚಿಯನ್ನು ಹಿಂದೆ ಸರಿಸಿಕೊಂಡರು. ‘ಆತು. ಈ ಸರದಿ ಬಾಯಾರು ಹೇಳಲಿ. ನಾ ಬಾಯಿ ಹಾಕೂದಿಲ್ಲ.’

ಅಳತೆಪಟ್ಟಿ ಹಿಡಿದು ನಿಂತುಬಿಟ್ಟೆ. ಇನ್ನೊಬ್ಬರು ಹೇಳಿದ್ದನ್ನು ಮಾಡುವುದು ನನಗೆ ಗೊತ್ತು. ನಾನೇ ಹೇಳಿ ಗೊತ್ತಿರಲಿಲ್ಲ. ಅವರ ಹನ್ನೊಂದು ವರ್ಷದ ಸೈನ್ಯ ಅದು. ಕ್ಷಣದ ಹಿಂದೆ ತಾನಾಗಿ ಬಂದ ಮಾತು ಈಗ ಬರಲಿಲ್ಲ. ಅಷ್ಟರಲ್ಲಿ ಫ್ಯಾನು ನಿಂತಿತು, ಲೈಟು ಹೋಯಿತು. ಮೀಟರ್ ತೆಗೆಯುವವರು ಒಂದು ದಿನ ಮೊದಲೇ ಬಂದಿದ್ದರು. ಕೆಳಮಹಡಿ, ಕಿಟಕಿಗೆ ಅಡ್ಡವಾಗಿ ಆಗಲೇ ತಗಡು ಹೊಡೆದಿದ್ದರು. ಟೇಬಲಿನ ಆಚೆ ತುದಿ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ಬದುಕಿದೆ ಎನಿಸಿತು ನನಗೆ.

ಮೊಬೈಲಿನ ಬೆಳಕಿನಲ್ಲಿ ರಾಯರು ಚೌಕಳಿ ಕಾಗದದ ಮೇಲೆ ಯಾರು ಎಲ್ಲಿದ್ದಾರೆಂದು ನಕ್ಷೆ ತೆಗೆದರು. ಗೆರೆಗಳೆಲ್ಲ ನಡುಗಿದ್ದವು. ಕೆಳಗೆ ‘ಸರದಿ: ಬಾಯಾರದು’ ಎಂದು ಬರೆದರು. ಸೈನ್ಯವೆಲ್ಲ ನಕ್ಷೆಯ ಸಮೇತ ಡಬ್ಬಿ ಸೇರಿ ಶೆಟ್ಟರ ಹೋಟೆಲಿನ ಮಾಳಿಗೆಗೆ ಹೋಯಿತು.

ಎರಡು ವರ್ಷ ರಾಯರು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ‘ಕೂಸುಗಳು ಆರಾಮ?’ ಎಂದು ಕೇಳಿ, ಕೊನೆಗೆ, ‘ಯೋಚನಿ ಮಾಡೀರೇನು?’ ಎನ್ನುತ್ತಿದ್ದರು. ‘ಇನ್ನೂ ಇಲ್ರಿ’ ಎನ್ನುತ್ತಿದ್ದೆ. ‘ಅವಸರಿಲ್ಲ ಬಿಡ್ರಿ. ಹೊಸ ಮನಿ ಆಗಲಿ.’ ಅವರ ದನಿ ಪ್ರತಿ ಸಲ ಒಂದಿಷ್ಟು ಕುಗ್ಗುತ್ತಿತ್ತು. ಏನು ಮಾಡಬೇಕೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೊಸ ಬಿಲ್ಡಿಂಗು ಈಗ ಏಳನೆಯ ಮಾಳಿಗೆಗೆ ಬಂದಿದೆ.

ಹೋದ ವಾರ, ನೀವು ಶಾಲೆಯಲ್ಲಿದ್ದಾಗ, ಶೆಟ್ಟರಿಗೆ ನಾನಾಗಿ ಫೋನ್ ಮಾಡಿದೆ. ಡಬ್ಬಿಗಳನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದರು. ಎಲ್ಲ ಹಿಡಿಸಲಿಲ್ಲ. ನಡುವಿನ ಸೈನ್ಯವನ್ನಷ್ಟೇ ನಕ್ಷೆ ನೋಡಿ ಊಟದ ಟೇಬಲ್ ಮೇಲೆ ನಿಲ್ಲಿಸಿದೆವು.

‘ಹೇಳಿ ಅಕ್ಕ’ ಎಂದರು.

‘ಪಾಲಕಿ ಹಿಂದಕ್ಕ. ನಾಲ್ಕು ಇಂಚು.’

‘ರಾಯರು ಇದ್ದಿದ್ರೆ ಜಗಳ ಆಗ್ತಿತ್ತು.’

‘ಆಗಲಿ ಬಿಡ್ರಿ. ಸರದಿ ನನಗ ಕೊಟ್ಟಿದ್ರು.’

ನಾನೇ ಅಳೆದು ನಾನೇ ಸರಿಸಿದೆ. ಈಗ ಶೆಟ್ಟರ ಕುದುರೆಗಳ ಸರದಿ. ಅವರು ಸುಳ್ಳೇ ಸೋಲುವವರಲ್ಲ, ದಾಳವನ್ನು ಚೆನ್ನಾಗಿ ಕುಲುಕಿ ಹಾಕಿದರು. ಪಟ್ಟಿ ಹಿಡಿದು ಎರಡು ಸಲ ಅಳೆದರು.

‘ಸಿಗ್ಲಿಲ್ಲ ಅಕ್ಕ. ಒಂದು ಬೆರಳು ಕಡಿಮೆ ಬಿತ್ತು.’

ಮುದುಕ ಉಳಿದ. ನಾನು ಅವಸರದಲ್ಲಿ ಫೋನ್ ಎತ್ತಿಕೊಂಡು ರಾಯರ ನಂಬರು ತೆಗೆದಿದ್ದೆ. ಶೆಟ್ಟರು ನೋಡಿದರು. ಕುದುರೆಗಳನ್ನು ಅವಿದ್ದಲ್ಲೇ ಬಿಟ್ಟು, ಚಹಾ ಇಡಲು ತಾವೇ ಅಡಿಗೆಮನೆಗೆ ಹೋದರು.